11 ವರ್ಷ ಒಂದೇ ಕೆಲಸ. ನನಗೆ ನಿಜವಾಗಿ ಏನು ಬರುತ್ತದೆ?

ಪ್ರಶ್ನೆ:
11 ವರ್ಷದಿಂದ ಒಂದೇ ಕಂಪನಿಯಲ್ಲಿ ಸ್ಟಾಕ್ ಲೆಕ್ಕ ನೋಡುತ್ತಿದ್ದೇನೆ. ನಮ್ಮ ವಿಭಾಗ ಮುಚ್ಚುತ್ತಾರಂತೆ. ರೆಸ್ಯೂಮೆ ಬರೆಯಲು ಕೂತರೆ ‘ಎಕ್ಸೆಲ್ ಬರುತ್ತದೆ’ ಎನ್ನುವುದರ ಮುಂದೆ ಕೈ ಓಡುತ್ತಿಲ್ಲ. ವಯಸ್ಸು 38. ಹೊರಗೆ ನನಗೆ ಬೆಲೆ ಇದೆಯೇ? ತುಂಬಾ ಭಯವಾಗಿದೆ.

ಉತ್ತರ 1:
ನಾನೂ ಗೋಡೌನ್ ಲೆಕ್ಕದಿಂದಲೇ ಬಂದವಳು. ಸುಮ್ನೆ ‘ಎಕ್ಸೆಲ್’ ಅಂತ ಬರೆಯಬೇಡಿ. ಎರಡು ವಾರ, ದಿನವೂ ಮಾಡಿದ್ದನ್ನು ಬರೆದಿಡಿ. ನಾನು ಹಾಗೆ ಬರೆದಾಗಲೇ ಗೊತ್ತಾಯಿತು: ಪುಸ್ತಕದ ಲೆಕ್ಕಕ್ಕೂ ಕಪಾಟಿನ ಎಣಿಕೆಗೂ ತಾಳೆಯಾಗದಿದ್ದರೆ, ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದವಳು ನಾನೇ. ಅದು ದೊಡ್ಡ ಕೆಲಸ ಅಲ್ವಾ? ಆಮೇಲೆ 20 ಉದ್ಯೋಗ ಜಾಹೀರಾತು ತೆಗೆದು, ಪದೇ ಪದೇ ಬರುವ ಪದಗಳಿಗೆ ಗೆರೆ ಎಳೆದೆ. ಎಕ್ಸೆಲ್‌ನಲ್ಲಿ ಉದ್ದದ ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಿವೋಟ್ ಟೇಬಲ್ ಬರುತ್ತಿತ್ತು, ಡೇಟಾಬೇಸ್‌ನಿಂದ ಬೇಕಾದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್ ಬರುತ್ತಿರಲಿಲ್ಲ. ಅದರಲ್ಲಿ ಬಳಸುವ ಸೆಲೆಕ್ಟ್, ವೇರ್, ಜಾಯಿನ್, ಗ್ರೂಪ್ ಬೈ ಎಂಬ ಪದಗಳು, ಇಷ್ಟನ್ನೇ ಮೊದಲು ಕಲಿತೆ. ನಾಲ್ಕು ತಿಂಗಳಿಗೆ ಕೆಲಸ ಸಿಕ್ಕಿತು. ನಿಮಗಿಂತ ವಯಸ್ಸು ಜಾಸ್ತಿಯೇ ಇತ್ತು.

ಉತ್ತರ 2:
ಹಳೆಯ ಸಹೋದ್ಯೋಗಿಗಳನ್ನೂ ಕೇಳಿ: ‘ಯಾವುದಕ್ಕೆ ನನ್ನ ಹತ್ತಿರ ಬರುತ್ತಿದ್ದಿರಿ?’

ಪ್ರಶ್ನೆ ಕೇಳಿದವರು:
ಇವತ್ತೇ ನೋಟ್‌ಬುಕ್ ತೆಗೆದೆ. ಬೆಳಗ್ಗೆ ಒಂದೇ ವಸ್ತುವಿಗೆ ಎರಡು ಕೋಡ್ ಇದ್ದದ್ದನ್ನು ಹಿಡಿದಿದ್ದೆ. ಮೊದಲ ಸಾಲು ಅದೇ.