ಅಪ್ಪನಿಗೆ ಬರೆದ ಕಾಗದದ 'ದೀ': ಕನ್ನಡದಲ್ಲಿ ನೀನೋ, ನೀವೋ?

ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ತನ್ನ ಅಪ್ಪನಿಗೆ ಬರೆದ ಕೆಲವು ಕಾಗದಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ವೈದ್ಯಕೀಯದ ಮಾತುಗಳು ಹೇಗೋ ಸಾಗುತ್ತಿವೆ. ಆಂಟಿಸೆಪ್ಟಿಕ್‌ಗೆ ನಂಜುನಿರೋಧಕ ಇದ್ದೇ ಇದೆ. ಸಿಕ್ಕಿಕೊಂಡಿರುವುದು ಒಂದು ಪುಟ್ಟ ಸರ್ವನಾಮದಲ್ಲಿ.

1866ರ ಮೇ ತಿಂಗಳ ಕಾಗದ. ಲಿಸ್ಟರ್ ಆಗ ಗ್ಲಾಸ್ಗೋದಲ್ಲಿ ಪ್ರೊಫೆಸರ್, ವಯಸ್ಸು 39. ಕಾಲಿನ ಮೂಳೆ ಮುರಿದು, ಮೇಲೆ ದೊಡ್ಡ ಗಾಯವೂ ಆದ ರೋಗಿಯೊಬ್ಬನ ಸುದ್ದಿ ಬರೆಯುತ್ತಾನೆ. ಆ ಕಾಲದಲ್ಲಿ ಇಂಥ ಗಾಯ ಕೀವು ತುಂಬಿ ಎಷ್ಟೋ ಸಲ ಕಾಲನ್ನೋ ಜೀವವನ್ನೋ ತೆಗೆಯುತ್ತಿತ್ತು. ನಂಜು ತಡೆಯಲು ಲಿಸ್ಟರ್ ಕಾರ್ಬಾಲಿಕ್ ಆಮ್ಲ ಹಚ್ಚಿದ. ಎಂಟು ದಿನವಾಯಿತು, ಹೊರಗಾಯವೇ ಇಲ್ಲವೇನೋ ಅನ್ನುವ ಹಾಗೆ ರೋಗಿ ಸುಧಾರಿಸುತ್ತಿದ್ದಾನೆ ಅನ್ನುತ್ತಾನೆ. 1867ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆ ಓದಿದವರಿಗೆ ತಿಳಿದ ಈ ವಿಧಾನ ಅಪ್ಪನಿಗೆ ಮೊದಲೇ ಗೊತ್ತಿತ್ತು! ಅಪ್ಪ ವೈನ್ ವ್ಯಾಪಾರಿ. ಆದರೆ ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿ ಹೆಸರಾದವನು.

ಈ ಕೇಸು ಖಂಡಿತ ನಿನಗೆ ಹಿಡಿಸುತ್ತೆ ಅನ್ನುವ ಕಡೆ ಅವನು ಬಳಸುವುದು 'ಯೂ' ಅಲ್ಲ, 'ದೀ' (thee), ಅಂದರೆ ಇಂಗ್ಲಿಷಿನ ಹಳೆಯ ಏಕವಚನ. ಮನೆಯವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಎಲ್ಲರೂ ಸಮ ಎಂದು ನಂಬಿ, ದೊರೆಗೂ ಆಳಿಗೂ ಏಕವಚನವನ್ನೇ ಆಡಿದ ಪಂಥ ಅದು. ತನ್ನ ಹಿರಿಯ ಸರ್ಜನ್ ಜೇಮ್ಸ್ ಸೈಮ್‌ನ ಮಗಳು ಆಗ್ನೆಸ್‌ಳನ್ನು 1856ರಲ್ಲಿ ಮದುವೆಯಾಗಲು ಲಿಸ್ಟರ್ ಆ ಪಂಥ ಬಿಟ್ಟ. ಹತ್ತು ವರ್ಷ ಕಳೆದರೂ ಅಪ್ಪನಿಗೆ 'ದೀ' ಬಿಡಲಿಲ್ಲ. 1874ರಲ್ಲಿ ಫ್ರೆಂಚ್ ವಿಜ್ಞಾನಿ ಲೂಯಿ ಪಾಸ್ಚರ್‌ಗೆ ಕೃತಜ್ಞತೆ ಹೇಳಿ ಬರೆದಾಗ ಮಾತ್ರ 'ಯೂ'.

ಎರಡಕ್ಕೂ 'ನೀವು' ಅಂದರೆ ಮನೆಯ ಮಾತು, ಹೊರಗಿನ ಮಾತು ಎರಡೂ ಒಂದೇ ಆಗಿಬಿಡುತ್ತವೆ. 'ನೀನು' ಅಂದರೆ, ಅಪ್ಪನಿಗೆ ಬಹುವಚನ ಹಾಕುವ ಮನೆಗಳಲ್ಲಿ ಬೆಳೆದವರಿಗೆ ಮಗ ಉದ್ಧಟ ಅನ್ನಿಸಬಹುದು. ಅಮ್ಮನಿಗೆ ಬರೆದದ್ದಾಗಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ, ಅಲ್ವಾ? ನನ್ನ ಒಲವು 'ನೀನು' ಕಡೆಗೇ ಇದೆ. ವಚನಕಾರರು ದೇವರನ್ನೇ ಏಕವಚನದಲ್ಲಿ ಕರೆದಿದ್ದಾರೆ. ಸುಮ್ನೆ ಪ್ರತಿ ಪುಟಕ್ಕೂ ಅಡಿಟಿಪ್ಪಣಿ ಜೋಡಿಸಿ ಕ್ಷಮೆ ಕೇಳುವ ಮನಸ್ಸಿಲ್ಲ.

ಆದರೂ ಒಂದು ಅನುಮಾನ. ಆಡುವ ಮಾತು ಬೇರೆ, ಕಾಗದದ ಮಾತು ಬೇರೆ. ಅಪ್ಪನಿಗೆ 'ನೀನು' ಅನ್ನುವ ಮನೆಗಳವರು ದಯವಿಟ್ಟು ಹೇಳಿ: ನಿಮ್ಮ ಹಿರಿಯರ ಹಳೇ ಕಾಗದಗಳಲ್ಲೂ ಅದೇ ಉಳಿದಿದೆಯಾ, ಇಲ್ಲಾ 'ತೀರ್ಥರೂಪ' ಎಂದು ಶುರು ಮಾಡಿದ ಕೂಡಲೇ 'ತಾವು' ಆಗಿಬಿಟ್ಟಿದೆಯಾ? ಯಾವ ಊರಿನ ಕಡೆಯ ಕಾಗದ ಅನ್ನುವುದನ್ನೂ ಬರೆಯಿರಿ.