ಕಿತ್ತಳೆ ಹೂವಿನ ಜೇನಿನ ಮೀಡ್ 1.060ರಲ್ಲೇ ನಿಂತಿದೆ, ಜೊತೆಗೆ ಕೊಳೆತ ಮೊಟ್ಟೆ ವಾಸನೆ

ಜರ್ಸಿಕನ್ನಡಿಗ:
ನಮಸ್ಕಾರ. ನ್ಯೂಜೆರ್ಸಿಯಲ್ಲಿದ್ದೇನೆ, ಮೊದಲ ಸಲ ಮೀಡ್ (ಜೇನುನೀರು ಹುದುಗಿಸಿ ಮಾಡುವ ಮದ್ಯ) ಹಾಕಿದ್ದೇನೆ. ಒಂದು ಗ್ಯಾಲನ್ ಗಾಜಿನ ಜಾರ್, ಫ್ಲೋರಿಡಾದ ಕಿತ್ತಳೆ ಹೂವಿನ ಜೇನು 1.3 ಕೆಜಿ, ಎರಡು ನಿಂಬೆಹಣ್ಣಿನ ರಸ, ಡಿ47 ಈಸ್ಟ್, ಉಳಿದದ್ದು ನೀರು. ಶುರುವಿನ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಈಸ್ಟ್ ಸಕ್ಕರೆ ತಿಂದಂತೆ ಇಳಿಯುತ್ತದೆ) 1.100. ಚಳಿ ಜಾಸ್ತಿ ಅಂತ ದೋಸೆ ಹಿಟ್ಟು ಇಡುವ ಹಾಗೆ ಅವನ್ ಒಳಗೆ ಲೈಟ್ ಹಾಕಿ ಇಟ್ಟೆ. ಮೊದಮೊದಲು ಜೋರಾಗಿ ಗುಳ್ಳೆ ಬಂತು. ಈಗ 1.060ಕ್ಕೆ ಬಂದು ನಿಂತಿದೆ, ಗ್ಯಾಸ್ ಹೊರಗೆ ಬಿಡುವ ಏರ್‌ಲಾಕ್ ಅಲ್ಲಾಡುತ್ತಿಲ್ಲ. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ವಾಸನೆ. ಚೆಲ್ಲಬೇಕಾ?

ಹುಳಿಹಿಟ್ಟು:
ಚೆಲ್ಲಬೇಡಿ! ಮೊದಲು ಎರಡು ಪ್ರಶ್ನೆ. ಅಳೆದದ್ದು ಹೈಡ್ರೋಮೀಟರ್‌ನಲ್ಲೋ ರಿಫ್ರ್ಯಾಕ್ಟೋಮೀಟರ್‌ನಲ್ಲೋ? ಆಲ್ಕೋಹಾಲ್ ಹುಟ್ಟಿದ ಮೇಲೆ ರಿಫ್ರ್ಯಾಕ್ಟೋಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಎಷ್ಟೋ ಜನ "ನಿಂತುಹೋಗಿದೆ" ಅನ್ನುವ ಮೀಡ್ ನಿಂತಿರುವುದೇ ಇಲ್ಲ. ಇನ್ನೊಂದು, ಈಸ್ಟ್‌ಗೆ ನ್ಯೂಟ್ರಿಯೆಂಟ್ ಏನಾದರೂ ಹಾಕಿದ್ದಿರಾ?

ಜರ್ಸಿಕನ್ನಡಿಗ:
ಹೈಡ್ರೋಮೀಟರ್. ನ್ಯೂಟ್ರಿಯೆಂಟ್ ಹಾಕಿಲ್ಲ. ಜೇನಿನಲ್ಲೇ ಎಲ್ಲ ಇರುತ್ತದೆ ಅಲ್ವಾ? ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿ ನೋಡಿದೆ, 3ರ ಹತ್ತಿರ ಇದೆ.

ಹುಳಿಹಿಟ್ಟು:
ಜೇನಿನಲ್ಲಿ ಸಕ್ಕರೆ ಬೇಕಾದಷ್ಟಿದೆ, ನೈಟ್ರೋಜನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದ್ರಾಕ್ಷಿ ರಸದ ಮಾತು ಬೇರೆ. ನೈಟ್ರೋಜನ್ ಸಿಗದೆ ಒದ್ದಾಡುವ ಈಸ್ಟ್ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ನಿಮ್ಮ ಮೊಟ್ಟೆ ವಾಸನೆ ಅದೇ. ಅವನ್ ಬಿಸಿಗೆ ಈಸ್ಟ್ ಬೇಗ ಬೆಳೆದು, ಇದ್ದಬದ್ದದ್ದನ್ನೆಲ್ಲ ಬೇಗ ತಿಂದು ಮುಗಿಸಿದೆ.

ನಿಂಬೆರಸ ಹಳೇ ರೆಸಿಪಿಗಳ ಕಾಟ. ಜೇನುನೀರಿಗೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ, ಹುದುಗುವಾಗ ಪಿಎಚ್ ತಾನಾಗಿಯೇ ಇಳಿಯುತ್ತದೆ. ಮೇಲೆ ನಿಂಬೆ ಬೇರೆ ಹಿಂಡಿದರೆ ಈಸ್ಟ್ ಕೈಚೆಲ್ಲುತ್ತದೆ. ಹುಳಿ ಬೇಕಿದ್ದರೆ ಕೊನೆಗೆ, ರುಚಿ ನೋಡಿ ಹಾಕಿ.

ಈಗ ಜಾರನ್ನು ಅವನ್‌ನಿಂದ ತೆಗೆಯಿರಿ. ಡಿ47ಗೆ 18 ಡಿಗ್ರಿ ಸಾಕು, 20 ದಾಟಿದರೆ ಗಂಟಲು ಸುಡುವ ರುಚಿ ಬರುತ್ತದೆ ಅಂತ ಅದಕ್ಕೆ ಮೊದಲಿನಿಂದ ಕೆಟ್ಟ ಹೆಸರಿದೆ. ಮನೆಯ ತಣ್ಣನೆ ಮೂಲೆಯೇ ಸರಿ. ಆಮೇಲೆ ತೊಳೆದು ಸ್ಯಾನಿಟೈಸ್ ಮಾಡಿದ ಸೌಟಿನಿಂದ ನಿಧಾನಕ್ಕೆ ತಿರುಗಿಸಿ, ಗ್ಯಾಸ್ ಹೊರಗೆ ಹೋಗಲಿ. ಅರ್ಧ ವಾಸನೆ ಅಲ್ಲೇ ಹೋಗುತ್ತದೆ. ಗ್ಯಾಸ್ ಬಿಡಿಸದೆ ನ್ಯೂಟ್ರಿಯೆಂಟ್ ಪುಡಿ ಸುರಿಯಬೇಡಿ, ನೊರೆ ಉಕ್ಕಿ ಸೀಲಿಂಗ್‌ವರೆಗೂ ಹೋದೀತು. ಫರ್ಮೇಡ್-ಓ (ಸತ್ತ ಈಸ್ಟಿನಿಂದ ಮಾಡಿದ ನ್ಯೂಟ್ರಿಯೆಂಟ್) 2 ಗ್ರಾಂ ನೀರಿನಲ್ಲಿ ಕದಡಿ ಹಾಕಿ. ಡಿಎಪಿ (ಡೈಅಮೋನಿಯಂ ಫಾಸ್ಫೇಟ್, ಇನ್ನೊಂದು ನ್ಯೂಟ್ರಿಯೆಂಟ್) ಈಗ ಬೇಡ. ಅದನ್ನು ಈಸ್ಟ್ ಮೂರನೇ ಒಂದು ಭಾಗ ಸಕ್ಕರೆ ತಿನ್ನುವುದರೊಳಗೆ ಹಾಕಿ ಮುಗಿಸಬೇಕು, ನಿಮಗೆ ಅದು 1.067. ದಾಟಿ ಆಗಿದೆ.

ಪಿಎಚ್‌ಗೆ ಹುಳಿ ತಗ್ಗಿಸುವ ಪೊಟ್ಯಾಸಿಯಮ್ ಬೈಕಾರ್ಬೊನೇಟ್, ಕಾಲು ಟೀ ಚಮಚ. ಕದಡಿ, ಕಾದು, ಮತ್ತೆ ಅಳೆಯಿರಿ. 3.5ರ ಆಸುಪಾಸು ಬಂದರೆ ಸಾಕು.

ಮಲ್ಲೇಶ್ವರದವ:
ಅಡುಗೆ ಸೋಡಾ ಆಗಲ್ವಾ? ನಾನು ಇಲ್ಲೇ ಬೆಂಗಳೂರಲ್ಲಿ ಟ್ರೈ ಮಾಡೋಣ ಅಂತಿದ್ದೆ.

ಹುಳಿಹಿಟ್ಟು:
ಸೋಡಾ ಹಾಕಿದರೆ ಉಪ್ಪುಪ್ಪು ಆಗುತ್ತದೆ. ಅದಕ್ಕಿಂತ ಮುಖ್ಯ: ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ, ಮನೆಯಲ್ಲೂ ಅಷ್ಟೇ. ಅಮೆರಿಕದಲ್ಲಿ ಕೇಂದ್ರದ ಕಾನೂನು ಸ್ವಂತ ಬಳಕೆಗೆ ಬಿಡುತ್ತದೆ: ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಇದ್ದರೆ 200. ಮಾರುವ ಹಾಗಿಲ್ಲ. ನಿಮಗೆ ರುಚಿ ನೋಡುವ ಆಸೆ ಇದ್ದರೆ ಪುಣೆಯ ಮೂನ್‌ಶೈನ್, ನಾಸಿಕ್‌ನ ಸೆರಾನಾ ಕಂಪನಿಗಳು ಮೀಡನ್ನು ಬಾಟಲಿಯಲ್ಲೇ ಮಾರುತ್ತವೆ.

ಕಾಫಿತೋಟ:
ಹುಳಿಹಿಟ್ಟು ಹೇಳಿದ್ದು ಸರಿ. ನನ್ನದೊಂದು ಮಾತು. ನಾಲ್ಕೈದು ದಿನದಲ್ಲೂ ಏಳದಿದ್ದರೆ ಹೊಸ ಈಸ್ಟ್ ಬೇಕು, ಇಸಿ-1118 ತನ್ನಿ. ಒಣ ಪುಡಿಯನ್ನು ನೇರ ಜಾರಿಗೆ ಉದುರಿಸಬೇಡಿ. ಅಲ್ಲಿ ಆಗಲೇ 5 ಶೇಕಡಾ ಆಲ್ಕೋಹಾಲ್ ಇದೆ, ಬಿದ್ದ ಈಸ್ಟ್‌ನಲ್ಲಿ ಬಹಳಷ್ಟು ಸಾಯಬಹುದು. 40 ಡಿಗ್ರಿ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಮೀಡನ್ನೇ ಚಮಚ ಚಮಚ ಸೇರಿಸಿ ಒಗ್ಗಿಸಿ, ನೊರೆ ಬಂದ ಮೇಲೆ ಸುರಿಯಿರಿ. ಫರ್ಮೇಡ್ ಸಿಗದಿದ್ದರೆ ಬ್ರೆಡ್ ಈಸ್ಟ್ ಒಂದು ಚಮಚ ಕುದಿಸಿ ಆರಿಸಿ ಹಾಕಬಹುದು. ಸತ್ತ ಈಸ್ಟೇ ಬದುಕಿರುವುದಕ್ಕೆ ಊಟ.

ಜರ್ಸಿಕನ್ನಡಿಗ:
ಅಪ್‌ಡೇಟ್. ಜಾರು ಈಗ ಬೇಸ್‌ಮೆಂಟ್‌ನಲ್ಲಿದೆ, ಪಿಎಚ್ 3.5. ಹೊಸ ಈಸ್ಟ್ ಬೇಕಾಗಲಿಲ್ಲ. ಗ್ರಾವಿಟಿ 1.038, ಮೊಟ್ಟೆ ವಾಸನೆ ಇಲ್ಲವೇ ಇಲ್ಲ. ಆದರೆ ಕಿತ್ತಳೆ ಹೂವಿನ ಘಮವೂ ಹೋಗಿದೆ. 1.020ಕ್ಕೆ ಬಂದಾಗ ಬಾಟಲಿಗೆ ತುಂಬಿದರೆ ಸಿಹಿಯಾದರೂ ಉಳಿಯುತ್ತದಲ್ವಾ?

ಹುಳಿಹಿಟ್ಟು:
ಅಯ್ಯೋ, ಬೇಡ. ಹುದುಗುತ್ತಿರುವುದನ್ನು ಬಾಟಲಿಗೆ ತುಂಬಿ ಬಿರಡೆ ಹಾಕಿದರೆ ಗಾಜು ಸಿಡಿಯುತ್ತದೆ. ಮುಗಿಯಲಿ ಬಿಡಿ, 1.000ದ ಹತ್ತಿರ ಇಳಿದು, ಎರಡು ವಾರ ಅಳತೆ ಬದಲಾಗದೆ ಇರಲಿ. ತಿಳಿಯಾದ ಮೇಲೆ ಗಸಿ ಬಿಟ್ಟು ಬೇರೆ ಜಾರಿಗೆ ಇಳಿಸಿ, ಪೊಟ್ಯಾಸಿಯಮ್ ಮೆಟಾಬೈಸಲ್ಫೈಟ್, ಪೊಟ್ಯಾಸಿಯಮ್ ಸಾರ್ಬೇಟ್ ಎರಡನ್ನೂ ಹಾಕಿ, ಮತ್ತೆ ಹುದುಗದಂತೆ ತಡೆಯುತ್ತವೆ. ಮರುದಿನ ಅದೇ ಕಿತ್ತಳೆ ಹೂವಿನ ಜೇನನ್ನು ಬೇಕಾದಷ್ಟು ಬೆರೆಸಿ. ಬಿಸಿಯಲ್ಲಿ ಗ್ಯಾಸ್ ಜೊತೆ ಹಾರಿಹೋದ ಘಮ ಒಂದಿಷ್ಟು ವಾಪಸ್ ಬರುವುದು ಆಗಲೇ. ಜೇನು ಉಳಿಸಿದ್ದೀರಾ?

ಜರ್ಸಿಕನ್ನಡಿಗ:
ಅರ್ಧ ಬಾಟಲಿ ಇದೆ. ಮಗಳು ದೋಸೆಗೆ ಹಚ್ಚಿ ಖಾಲಿ ಮಾಡುವುದರೊಳಗೆ ಎತ್ತಿಡುತ್ತೇನೆ.