ದೀಪಾವಳಿಯ ಒಂದು ವಾರ ಊರಿನಲ್ಲಿ: ಕೊನೆಕೊಯ್ಲು, ಹಬ್ಬ ಮತ್ತು ಬೆನ್ನಿಗೇ ಬರುವ ಇಂಟರ್ನಲ್ಸ್

ಪ್ರಶ್ನೆ: ಜಂಬಗಾರು ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ವಿಭಾಗದ ಐದನೇ ಸೆಮಿಸ್ಟರಿನಲ್ಲಿ ಓದುತ್ತಿದ್ದೇನೆ. ನಮ್ಮ ಮನೆ ಇರುವುದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಸಣ್ಣ ಅಡಿಕೆ ತೋಟವಿದೆ, ಕೊಟ್ಟಿಗೆಯಲ್ಲಿ ದನಗಳಿವೆ, ಮನೆಯಲ್ಲಿ ಅಪ್ಪ, ಅಮ್ಮ ಮತ್ತು ಅಜ್ಜಿ ಇದ್ದಾರೆ. ದೀಪಾವಳಿಗೆಂದು ಕಾಲೇಜಿನವರು ಈ ಸಲ ಒಂದು ವಾರ ರಜೆ ಕೊಟ್ಟಿದ್ದಾರೆ. ಆದರೆ ರಜೆ ಮುಗಿದ ಮರುದಿನದಿಂದಲೇ ಎರಡನೇ ಇಂಟರ್ನಲ್ಸ್ (ಕಾಲೇಜಿನ ಒಳಪರೀಕ್ಷೆ) ಇಟ್ಟಿದ್ದಾರೆ. ಅದರಲ್ಲೂ ಮೊದಲ ದಿನವೇ ಸ್ಟ್ರಕ್ಚರಲ್ ಅನಾಲಿಸಿಸ್ ಇದೆ.

ಇದೇ ವಾರ ನಮ್ಮ ತೋಟದ ಮೊದಲ ಕೊಯ್ಲು ಬಿದ್ದಿದೆ. ಅಡಿಕೆ ಕೊನೆ (ಗೊನೆ) ಇಳಿಸುವ ಕೊನೆಗಾರರು ಹಬ್ಬಕ್ಕೆ ಮುಂಚೆ ಬಂದು ಹೋಗದಿದ್ದರೆ ಹಬ್ಬದ ಆಚೆಗೆ ಮತ್ತೆ ಯಾವಾಗ ಸಿಗುತ್ತಾರೋ ಹೇಳಲಾಗದು ಎಂದು ಅಪ್ಪ ಈಗಲೇ ಒಪ್ಪಿಸಿಬಿಟ್ಟಿದ್ದಾರೆ. ಫೋನಿನಲ್ಲಿ ಅವರು ಒಮ್ಮೆಯೂ "ಬಂದು ಕೈಹಚ್ಚು" ಎಂದು ಬಾಯಿಬಿಟ್ಟು ಹೇಳಿಲ್ಲ. "ನಿನ್ನ ಓದು ನೋಡಿಕೋ" ಎನ್ನುತ್ತಾರೆ, ಅದರ ಬೆನ್ನಿಗೇ "ಸುಲಿಯುವುದಕ್ಕೆ ಈ ವರ್ಷ ಜನವೇ ಇಲ್ಲ ಮಾರಾಯ" ಎಂದೂ ಸೇರಿಸುತ್ತಾರೆ. ಅಮ್ಮನ ಮಾತೇ ಬೇರೆ: ಹಾಸ್ಟೆಲ್ ಊಟದಲ್ಲಿ ಸೊರಗಿದ್ದೀಯ, ಬಂದು ಉಂಡು ಮಲಗು, ಸಾಕು ಎನ್ನುತ್ತಾರೆ. ಇಬ್ಬರ ಮಾತನ್ನೂ ಉಳಿಸಿಕೊಂಡು ಪರೀಕ್ಷೆಗೂ ಓದಿಕೊಳ್ಳುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ನಮ್ಮಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕು. ಗುಡುಗು ಬಂದರೆ ಕರೆಂಟೂ ಇರುವುದಿಲ್ಲ. ಕೊಯ್ಲಿನ ಮನೆಯಿಂದ ಹಾಸ್ಟೆಲಿಗೆ ಬಂದವರು ಈ ವಾರವನ್ನು ಹೇಗೆ ನಿಭಾಯಿಸಿದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಮೆಟ್ಟುಗತ್ತಿ (ಶಿರಸಿ)

ನಾನೂ ಅಡಿಕೆ ಮನೆಯವನೇ. ಈಗ ಓದು ಮುಗಿಸಿ ಕೆಲಸದಲ್ಲಿದ್ದೇನೆ. ನಿಮ್ಮ ತಂದೆಯವರ ಮಾತಿನ ಅರ್ಥವನ್ನು ಊಹಿಸುತ್ತ ವಾರ ಕಳೆಯುವ ಬದಲು, ಮನೆಗೆ ಹೋದ ರಾತ್ರಿ ಊಟಕ್ಕೆ ಕುಳಿತಾಗಲೇ ನಿಮ್ಮ ಪರೀಕ್ಷೆಯ ತಾರೀಖನ್ನು ಅವರ ಮುಂದಿಟ್ಟು, ಯಾವ ಹೊತ್ತಿನಲ್ಲಿ ನಿಮ್ಮ ಅಗತ್ಯ ನಿಜವಾಗಿ ಇದೆ ಎಂದು ನೇರವಾಗಿ ಕೇಳಿಬಿಡಿ. ಕೊಯ್ಲಿನ ಮನೆಯಲ್ಲಿ ಇಡೀ ದಿನ ಕೆಲಸ ಇದ್ದೇ ಇರುತ್ತದೆ ಎಂಬುದು ನಿಜ, ಆದರೆ ಓದುವ ಹುಡುಗನಿಂದ ಆಗಬೇಕಾದ ಕೆಲಸ ಇಡೀ ದಿನದ್ದಲ್ಲ.

ಮರ ಹತ್ತುವುದು ನಿಮ್ಮ ಕೆಲಸವಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದಿರುವುದರಿಂದ ಹಲವು ತೋಟಗಳಲ್ಲಿ ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾರೆ, ಆದರೂ ಅದು ಪಳಗಿದ ಕೈಯ ಕೆಲಸವೇ. ಸುಲಿಯುವುದರಲ್ಲಿಯೂ ನೀವು ಒಬ್ಬರು ಕುಳಿತರೆ ಹೆಚ್ಚಿನ ವ್ಯತ್ಯಾಸ ಆಗಲಾರದು. ಎರಡು ವರ್ಷ ಪೆನ್ನು ಹಿಡಿದ ಕೈ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಅರ್ಧ ಗಂಟೆಯಲ್ಲಿ ಬೊಬ್ಬೆ ಎದ್ದು ಕುಳಿತಿರುತ್ತದೆ. ನಿಜವಾಗಿ ಜನ ಸಾಲದೆ ಹೋಗುವುದು ಎರಡು ಕಡೆ. ಒಂದು, ಸಂಜೆ ಸುಲಿದ ಅಡಿಕೆಯನ್ನು ಅಳೆದು, ಯಾರದು ಎಷ್ಟು ಡಬ್ಬ ಎಂದು ಪುಸ್ತಕದಲ್ಲಿ ಬರೆದು, ಲೆಕ್ಕ ಮುಗಿಸುವುದು. ಇನ್ನೊಂದು, ಬೇಯಿಸುವ ಒಲೆಯ ಮುಂದೆ ನಿಂತು ತೊಗರು (ಅಡಿಕೆ ಬೇಯುವ ಬಣ್ಣದ ನೀರು) ಉಕ್ಕದಂತೆ ನೋಡಿಕೊಂಡು, ಬೆಂದದ್ದನ್ನು ಸೋರಿಸಿ ಬೆಳಗ್ಗೆ ಬಿಸಿಲಿಗೆ ಹರಡುವುದು. ಕೊಯ್ದ ಕಾಯಿಯನ್ನು ದಿನಗಟ್ಟಲೆ ರಾಶಿ ಬಿಟ್ಟರೆ ಬಿಸಿಯೇರಿ ಬಣ್ಣ ಕೆಡುತ್ತದೆ, ಸುಲಿದದ್ದನ್ನು ಬೇಯಿಸದೆ ಇಟ್ಟರೂ ಹಾಗೆಯೇ. ಮೇಲೆ ಹಿಂಗಾರಿನ ಮೋಡ ಬೇರೆ. ನಿಮ್ಮ ತಂದೆಯವರ ಆತಂಕ ಇರುವುದು ಇಲ್ಲಿ. ಆದ್ದರಿಂದ ಸಂಜೆಯ ಲೆಕ್ಕವನ್ನೂ ಬೆಳಗಿನ ಹರಡುವ ಕೆಲಸವನ್ನೂ ಪೂರ್ತಿಯಾಗಿ ನಿಮ್ಮ ಮೇಲೆ ಹಾಕಿಕೊಂಡು, ನಡುವಿನ ಹೊತ್ತನ್ನು ಓದಿಗೆ ಕೇಳಿ ಪಡೆಯಿರಿ. ಅರೆಮನಸ್ಸಿನಿಂದ ಇಡೀ ದಿನ ಸುತ್ತಾಡುವುದಕ್ಕಿಂತ ಇದು ಅವರಿಗೂ ಹಿತವಾಗುತ್ತದೆ.

ಇನ್ನೊಂದು ಮಾತು. ರಾತ್ರಿ ಜಗಲಿಯಲ್ಲಿ ಸುಲಿಯುವವರು ಕುಳಿತ ಮೇಲೆ ಪಕ್ಕದ ಕೋಣೆಯಲ್ಲಿ ಪುಸ್ತಕ ತೆರೆದು ಓದುತ್ತೇನೆ ಎಂಬ ಭ್ರಮೆ ಬೇಡ. ಅಲ್ಲಿ ಊರಿನ ಒಂದು ವರ್ಷದ ಸುದ್ದಿಯೆಲ್ಲ ಸುಲಿದು ಬೀಳುತ್ತಿರುತ್ತದೆ. ಅದನ್ನು ಕೇಳದೆ ಇರುವಷ್ಟು ವೈರಾಗ್ಯ ಯಾರಿಗೂ ಬಂದಿರುವುದಿಲ್ಲ.

ಉತ್ತರ 2: ಕಪ್ಪುಹಲಗೆ (ಎಂಜಿನಿಯರಿಂಗ್ ಉಪನ್ಯಾಸಕ)

ವಿ.ಟಿ.ಯು. (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಕಾಲೇಜು ಎಂದು ಭಾವಿಸಿ ಬರೆಯುತ್ತಿದ್ದೇನೆ. ಈಗಿನ ಪದ್ಧತಿಯಲ್ಲಿ ಒಂದು ವಿಷಯದ 100 ಅಂಕಗಳಲ್ಲಿ 50 ಒಳಮೌಲ್ಯಮಾಪನಕ್ಕೆ, 50 ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ. ಒಳಮೌಲ್ಯಮಾಪನದಲ್ಲಿ ಕನಿಷ್ಠ 20 ಬಾರದಿದ್ದರೆ ಅಂತ್ಯದ ಪರೀಕ್ಷೆಗೆ ಕುಳಿತುಕೊಳ್ಳಲು ಅರ್ಹತೆಯೇ ಇಲ್ಲ. ಹೀಗಾಗಿ ಎರಡನೇ ಇಂಟರ್ನಲ್ಸನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಮೊದಲ ಇಂಟರ್ನಲ್ಸ್ ಚೆನ್ನಾಗಿ ಆಗಿದ್ದು, ಅಸೈನ್‌ಮೆಂಟ್‌ಗಳನ್ನು ಹೊತ್ತಿಗೆ ಕೊಟ್ಟಿದ್ದರೆ ಒಂದು ಕೊಯ್ಲಿನಿಂದ ಆಕಾಶವೇನೂ ಕಳಚಿ ಬೀಳುವುದಿಲ್ಲ. ಮೊದಲು ನಿಮ್ಮ ಈವರೆಗಿನ ಅಂಕ ಎಷ್ಟಿದೆ ಎಂದು ನೋಡಿಕೊಂಡು ಆಮೇಲೆ ಹೆದರಬೇಕೋ ಬೇಡವೋ ತೀರ್ಮಾನಿಸಿ.

ಓದಿನ ಬಗ್ಗೆ ಹೇಳುವುದಾದರೆ, ನಿಮ್ಮ ಮೊದಲ ವಿಷಯವೇ ನೆಟ್‌ವರ್ಕ್ ಬೇಡದ ವಿಷಯವಾಗಿದೆ. ಸ್ಲೋಪ್ ಡಿಫ್ಲೆಕ್ಷನ್ ಆಗಲಿ, ಮೊಮೆಂಟ್ ಡಿಸ್ಟ್ರಿಬ್ಯೂಷನ್ ಆಗಲಿ, ಈ ಲೆಕ್ಕದ ವಿಧಾನಗಳು ವಿಡಿಯೋ ನೋಡಿ ಬರುವಂಥವಲ್ಲ. ಕಾಗದದ ಮೇಲೆ ಲೆಕ್ಕ ಬಿಡಿಸಿದವನಿಗೆ ಮಾತ್ರ ಒಲಿಯುತ್ತವೆ. ಒಂದು ಕಂಟಿನ್ಯುಯಸ್ ಬೀಮನ್ನು ತೆಗೆದುಕೊಂಡು, ಫಿಕ್ಸೆಡ್ ಎಂಡ್ ಮೊಮೆಂಟ್ ಬರೆದು, ಪ್ರತಿ ಜೋಡಣೆಯಲ್ಲಿ ಎಷ್ಟು ಪಾಲು ಎತ್ತ ಹೋಗುತ್ತದೆ ಎಂದು ಹಂಚಿ, ಅದರ ಅರ್ಧವನ್ನು ಆಚೆ ತುದಿಗೆ ಸಾಗಿಸಿ, ಕೋಷ್ಟಕ ಸಮತೋಲನಕ್ಕೆ ಬರುವವರೆಗೆ ಮುಂದುವರಿಸುವುದಕ್ಕೆ ಮುಕ್ಕಾಲು ಗಂಟೆ ಸಾಕು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಎಂಬಂತೆ ಬಿಡಿಸಿದರೆ ವಾರದ ಕೊನೆಗೆ ಪರೀಕ್ಷೆಯಲ್ಲಿ ಬರಬಹುದಾದ ಬಗೆಗಳೆಲ್ಲ ಒಮ್ಮೆ ಕೈಯಲ್ಲಿ ಹಾದು ಹೋಗಿರುತ್ತವೆ. ಬೆಂಬಲ ಕುಸಿದಿರುವ ಲೆಕ್ಕವನ್ನು ಮಾತ್ರ ತಪ್ಪದೆ ಮಾಡಿ, ಚಿಹ್ನೆಯಲ್ಲಿ ಎಡವುವುದು ಅಲ್ಲಿಯೇ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಾಸ್ಟೆಲಿನಲ್ಲಿರುವಾಗಲೇ ಮುದ್ರಿಸಿಕೊಂಡು ಹೋಗಿ. ಮೊಬೈಲಿನಲ್ಲಿದ್ದರೆ ಚಾರ್ಜ್ ಮುಗಿದಾಗ ಓದೂ ಮುಗಿಯುತ್ತದೆ.

ರಜೆಯನ್ನು ಎರಡು ದಿನ ಮುಂದಕ್ಕೆ ಎಳೆಯುವ ಯೋಚನೆ ಬಂದರೆ ಹಾಜರಾತಿ ಶೇಕಡಾ 85 ಇರಲೇಬೇಕೆಂಬ ನಿಯಮವನ್ನು ನೆನಪಿಟ್ಟುಕೊಳ್ಳಿ. ಹಬ್ಬದ ನಂತರದ ವಾರದಲ್ಲಿಯೇ ಬಹಳಷ್ಟು ಮಂದಿ ಕಳೆದುಕೊಳ್ಳುವುದು.

ಉತ್ತರ 3: ತೀರ್ಥಹಳ್ಳಿಯ ಗೃಹಿಣಿ

ನನ್ನ ಮಗಳೂ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿರುವುದರಿಂದ, ತಮ್ಮಾ, ತಾಯಿಯ ಕಡೆಯಿಂದ ನಾಲ್ಕು ಮಾತು ಬರೆಯುತ್ತೇನೆ. ಉಂಡು ಮಲಗು ಎಂದು ನಿಮ್ಮಮ್ಮ ಹೇಳುವುದು ನಿಜವೇ, ಆದರೆ ಅವರೇನೂ ಆ ವಾರ ಮಲಗುವುದಿಲ್ಲ. ಕೊಯ್ಲಿನ ಆಳುಗಳಿಗೆ ಎರಡು ಹೊತ್ತು ಚಹಾ, ತಿಂಡಿ, ಊಟ. ಅದರ ನಡುವೆಯೇ ಬೂರೆ ಹಬ್ಬದ ನೀರು ತುಂಬುವುದು, ಬಲೀಂದ್ರನನ್ನು ಕೂರಿಸುವುದು, ಗೋಪೂಜೆಯ ದಿನಕ್ಕೆ ಸೌತೆಕಾಯಿ ಕಡುಬು, ಹೋಳಿಗೆ. ಹೊಲಿಯುವ ದಾರದಲ್ಲಿ ಅಡಿಕೆ, ಪಚ್ಚೆತೆನೆ, ಚೆಂಡುಹೂವು ಪೋಣಿಸಿ ದನಗಳ ಕೊರಳಿಗೆ ಮಾಲೆ ಕಟ್ಟುವುದು ನಮ್ಮ ಕಡೆ ಮಕ್ಕಳ ಕೆಲಸ. ದನಗಳಿಗೆ ಮೈ ತೊಳೆಸಿ ಕೆಮ್ಮಣ್ಣು, ಸುಣ್ಣದ ಮುದ್ರೆ ಒತ್ತುವುದೂ ಅಷ್ಟೇ. ಓದುವ ಮಕ್ಕಳು ಊರು ಬಿಟ್ಟ ಮೇಲೆ ಅದನ್ನೂ ದೊಡ್ಡವರೇ ಮಾಡುತ್ತಿದ್ದೇವೆ. ಹಬ್ಬದ ದಿನ ಬೆಳಗ್ಗೆ ಕೊಟ್ಟಿಗೆಯ ಕೆಲಸ ನಿಮ್ಮದು ಎಂದು ಹೇಳಿಬಿಡಿ. ಪುಸ್ತಕ ಆ ಒಂದು ದಿನ ಚೀಲದಲ್ಲಿಯೇ ಇರಲಿ.

ಇನ್ನು ನೀವು ಕೇಳದೆ ಇರುವ, ಆದರೆ ಖಂಡಿತವಾಗಿ ನಿಮ್ಮ ತಲೆಗೆ ಬರುವ ಕೆಲಸವೊಂದಿದೆ. ಮನೆಯಲ್ಲಿ ಮೊಬೈಲ್ ಗೊತ್ತಿರುವ ಮಗ ಬರುತ್ತಾನೆಂದು ತಿಂಗಳುಗಳಿಂದ ಎತ್ತಿಟ್ಟ ಕಾಗದಗಳೆಲ್ಲ ಹೊರಬೀಳುತ್ತವೆ: ಕಿಸಾನ್ ಸಮ್ಮಾನ್ ಹಣದ ಇ-ಕೆವೈಸಿ (ಗುರುತಿನ ದೃಢೀಕರಣ), ಪಹಣಿಗೆ ಆಧಾರ್ ಜೋಡಣೆ, ಬೆಳೆ ಸಮೀಕ್ಷೆ, ಅಜ್ಜಿಯ ಪಿಂಚಣಿ ಖಾತೆ. ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಬರುವ ಹಣ ಒಂದು ಒಟಿಪಿಯ ದೆಸೆಯಿಂದ ನಿಂತುಹೋದ ಮನೆಗಳು ನಮ್ಮ ಊರಿನಲ್ಲೇ ಇವೆ. ಇದನ್ನೆಲ್ಲ ಹಬ್ಬದ ರಜಾ ದಿನಗಳಲ್ಲಿ ಗುಡ್ಡದ ಮೇಲೆ ನಿಂತು ಮಾಡಲು ಹೋದರೆ ದಿನ ಹಾಳು. ಕಚೇರಿ ತೆರೆದಿರುವ ಮೊದಲ ದಿನವೇ ಅಪ್ಪನನ್ನೂ ಅವರ ಫೋನನ್ನೂ ಕರೆದುಕೊಂಡು ಸಾಗರಕ್ಕೆ ಹೋಗಿ ಒಮ್ಮೆಗೇ ಮುಗಿಸಿಕೊಂಡು ಬನ್ನಿ. ನನ್ನ ಕೇಳಿದರೆ, ನೀವು ನೂರು ಡಬ್ಬ ಅಡಿಕೆ ಅಳೆದುಕೊಟ್ಟದ್ದಕ್ಕಿಂತ ಇದನ್ನೇ ಅವರು ಹೆಚ್ಚು ದಿನ ನೆನೆಯುತ್ತಾರೆ.

ಉತ್ತರ 4: ಹಿಂಗಾರಿ ಜೋಳ (ವಿಜಯಪುರ)

ನಮ್ಮ ಕಡೆ ಅಡಿಕೆ ಇಲ್ಲ, ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ ಪೂಜಿಸುತ್ತೇವೆ, ಹೊಲದಲ್ಲಿ ಆಗ ಹಿಂಗಾರಿ ಬಿತ್ತನೆಯ ಓಡಾಟ. ಹಾಗಾಗಿ ನಿಮ್ಮ ಇಕ್ಕಟ್ಟು ಅರ್ಥವಾಗುತ್ತದೆ. ಆದರೆ ಮೇಲಿನವರು ಯಾರೂ ಹೇಳದ ಒಂದು ಮಾತನ್ನು ಹೇಳಬೇಕೆನಿಸಿತು. ಇಡೀ ವಾರ ಮನೆಯಲ್ಲಿರಲೇಬೇಕೆಂಬುದು ನನಗೆ ಒಪ್ಪಿಗೆಯಿಲ್ಲ. ಗೋಪೂಜೆ ಮುಗಿಸಿ ಮರುದಿನ ಹೊರಟು, ಕೊನೆಯ ಎರಡು ದಿನ ಖಾಲಿಯಾಗಿರುವ ಹಾಸ್ಟೆಲಿನಲ್ಲಿ ಓದಿದರೆ ಅದಕ್ಕಿಂತ ಪ್ರಶಾಂತವಾದ ಜಾಗ ಬೆಂಗಳೂರಿನಲ್ಲಿ ಇನ್ನೊಂದು ಸಿಗದು. ಮೆಸ್ ತೆರೆದಿರುತ್ತದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ: ಜಂಬಗಾರು ಪ್ಯಾಸೆಂಜರ್

ಎಲ್ಲರಿಗೂ ಧನ್ಯವಾದಗಳು. ಸಂಜೆಯ ಲೆಕ್ಕ ಮತ್ತು ಬೆಳಗಿನ ಒಣಹಾಕುವ ಕೆಲಸ ನನ್ನದು ಎಂದು ಇಂದೇ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕದ ಪುಸ್ತಕ ಹೊಸದು ತಗೊಂಡು ಬಾ" ಎಂದರು. ಇ-ಕೆವೈಸಿ ವಿಷಯ ಕೇಳಿದ್ದೇ ತಡ ಅಮ್ಮ ಒಂದು ಪಟ್ಟಿಯನ್ನೇ ಓದಿದರು, ತೀರ್ಥಹಳ್ಳಿಯ ಅಮ್ಮನವರ ಊಹೆ ಒಂದೂ ತಪ್ಪಿಲ್ಲ. ವಿಜಯಪುರದವರ ಸಲಹೆ ಸರಿಯಾಗಿದ್ದರೂ ಹಾಗೆ ಮಾಡಲಾರೆ, ಏಕೆಂದರೆ ಪಾಡ್ಯದ ರಾತ್ರಿಯಿಂದ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುತ್ತಾರೆ. ಮೇಳದಲ್ಲಿ ಹಾಡುವವರು ಕಡಿಮೆಯಾಗಿದ್ದಾರೆಂದು ಈ ವರ್ಷ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಹಾಗಾಗಿ ಪರೀಕ್ಷೆಯ ಹಿಂದಿನ ರಾತ್ರಿ ಹೊರಡುವುದೇ ಗತಿ. ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ವೇಟಿಂಗ್ ಲಿಸ್ಟ್ ತೋರಿಸುತ್ತಿದೆ. ಏನಾದರೂ ದಾರಿ ಇದೆಯೇ?

ಉತ್ತರ 5: ಮೆಟ್ಟುಗತ್ತಿ (ಶಿರಸಿ)

2024ರ ನವೆಂಬರಿನಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನಕ್ಕೆ ಇಳಿದಿರುವುದರಿಂದ, ಹಬ್ಬದ ಸೀಟುಗಳು ತೆರೆದ ಬೆಳಗ್ಗೆಯೇ ಮುಗಿದುಹೋಗುತ್ತವೆ. ವೇಟಿಂಗ್ ಟಿಕೆಟನ್ನು ನಂಬಿ ಪರೀಕ್ಷೆಯ ಹಿಂದಿನ ರಾತ್ರಿ ಸ್ಟೇಷನ್ನಿಗೆ ಹೋಗಬೇಡಿ. ಪ್ರಯಾಣದ ಹಿಂದಿನ ದಿನ ಬೆಳಗ್ಗೆ 11 ಗಂಟೆಗೆ ಸ್ಲೀಪರ್ ತತ್ಕಾಲ್ ತೆರೆಯುತ್ತದೆ, ಆದರೆ ನಿಮ್ಮ ಗುಡ್ಡದ ಮೇಲಿನ ನೆಟ್‌ವರ್ಕಿನಲ್ಲಿ ಅದು ಆಗದ ಮಾತು. ಬೆಂಗಳೂರಿನಲ್ಲಿರುವ ಗೆಳೆಯರೊಬ್ಬರಿಗೆ ಈಗಲೇ ಹೇಳಿಟ್ಟಿರಿ. ಅದಕ್ಕಿಂತ ಒಳ್ಳೆಯದೆಂದರೆ ಒಂದು ದಿನ ಮುಂಚಿತವಾಗಿ, ಹಗಲು ಹೊತ್ತಿನಲ್ಲಿ ಸರ್ಕಾರಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಅಲ್ಲಿಂದ ಬೆಂಗಳೂರಿನ ಬಸ್ಸು ಹಿಡಿಯುವುದು. ಹಬ್ಬಕ್ಕೆ ಹೆಚ್ಚುವರಿ ಬಸ್ಸು ಬಿಡುತ್ತಾರೆ, ನಿಂತುಕೊಂಡಾದರೂ ಬರಬಹುದು. ಹಾಡುವವರು ಕೊನೆಯ ರಾತ್ರಿ ನಿಮ್ಮನ್ನು ಬಿಟ್ಟುಕೊಡುತ್ತಾರೆಯೇ ಎಂಬುದನ್ನು ಮಾತ್ರ ಮೇಳದವರಲ್ಲಿಯೇ ಕೇಳಿಕೊಳ್ಳಬೇಕು.